ಸಮದ್ವಿಬಾಹು

ಜನಾರ್ದನ ಮಾಸ್ಟ್ರು ಗಣಿತದ ಶಬ್ದಗಳನ್ನು ಮಕ್ಕಳ ಮೈಮೇಲೆಯೇ ಬರೆಯುತ್ತಿದ್ದರು. ಭುಜ ಎಂದಾಗ ಬೆತ್ತ ಹೆಗಲಿಗೆ ಬೀಳುತ್ತಿತ್ತು, ಪಾದ ಎಂದಾಗ ಕಾಲಿಗೆ. ಕರ್ಣಕ್ಕೆ ಬೆತ್ತ ಬೇಡ, ಅಂಗೈ ಸಾಕು.

"ಕರ್ಣ ಅಂದ್ರೆ ಕಿವಿಯೂ ಹೌದು. ನಿಮ್ಮ ತುಳುವಿನ ಕೆಬಿ. ಇನ್ನು ಸಾಯುವವರೆಗೆ ಮರೆಯುವುದಿಲ್ಲ" ಎಂದು ಕೈ ಒರೆಸಿಕೊಳ್ಳುತ್ತಿದ್ದರು.

ಕಾಪುವಿನ ಆ ಶಾಲೆಯ ಏಳನೆಯ ತರಗತಿಯವರಿಗೆ ಮನೆಯಲ್ಲಿ ತುಳು, ಪುಸ್ತಕದಲ್ಲಿ ಕನ್ನಡ. ಗಣಿತದ ಕನ್ನಡ ಇವೆರಡಕ್ಕೂ ಸೇರದ ಇನ್ನೊಂದು ಭಾಷೆ. ಅದರಲ್ಲಿ ಮುಗ್ಗರಿಸದವರು ಯಾರೂ ಇರಲಿಲ್ಲ. ಮೇಸ್ತ್ರಿ ಹೂವಪ್ಪನ ಮಗಳು ಸ್ವರ್ಣಲತಾ ಮುಗ್ಗರಿಸಿದ್ದು ಜುಲೈ ತಿಂಗಳಲ್ಲಿ.

"ವರ್ಗ ಎಂದರೆ ಎಂತ?" ಎಂದು ಮಾಸ್ಟ್ರು ಕೇಳಿದ್ದರು.

ಅವಳಿಗೆ ಗೊತ್ತಿದ್ದ ವರ್ಗ ಒಂದೇ. ಎದ್ದು ನಿಂತು, "ಮಾಸ್ಟ್ರಿಗೆ ಆಗುವುದು, ಸರ್" ಎಂದಳು.

ಜನಾರ್ದನ ಮಾಸ್ಟ್ರಿಗೆ ವರ್ಗ ಆಗಲಿ ಎಂದು ಹರಕೆ ಹೊತ್ತವರೇ ಆ ಕ್ಲಾಸಿನಲ್ಲಿ ನಾಲ್ಕು ಮಂದಿ ಇದ್ದರು. ನಗು ಹೆಂಚು ಹಾರಿಸುವ ಹಾಗೆ ಎದ್ದಿತು. ಮಾಸ್ಟ್ರ ಬಲಗೈ ಅವಳ ಎಡಗಿವಿಗೆ ಬಂದು ಬಡಿಯಿತು. ಅವಳು ಬೆಂಚಿನ ಅಂಚಿಗೆ ಬಿದ್ದಳು. ಸಂಜೆಗೆ ಕಿವಿಯಿಂದ ರಕ್ತ, ಎರಡು ದಿನ ಬಿಟ್ಟು ಕೀವು. ತಾಯಿ ಬೇಬಿ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟಳು. ಕೀವು ನಿಂತಿತು. ಅದರ ಜೊತೆಗೆ ಆ ಕಿವಿಯಲ್ಲಿ ಕೇಳುವುದೂ ನಿಂತಿತು.

ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಅಪ್ಪ ಶಾಲೆ ಬಿಡಿಸಿ ಬೀಡಿ ಕಟ್ಟಲು ಕೂರಿಸುತ್ತಾನೆ ಎಂಬುದು ಖಾತ್ರಿ. ಏಳನೆಯ ಪಬ್ಲಿಕ್ ಪರೀಕ್ಷೆ ಪಾಸಾದರೆ ಹೈಸ್ಕೂಲು. ಅಲ್ಲಿಯವರೆಗೆ ಬಲಗಿವಿ ಒಂದು ಉಳಿದರೆ ಸಾಕು ಎಂದು ಲೆಕ್ಕ ಹಾಕಿದಳು. ಬಲಗಿವಿ ಮಾಸ್ಟ್ರ ಕಡೆಗೆ ಬರುವ ಜಾಗ ಹುಡುಕಿ ಕುಳಿತಳು. ರಾತ್ರಿ ಮಲಗುವಾಗಲೂ ಆ ಕಿವಿಯ ಮೇಲೆ ಕೈ.

ಜನವರಿಯಲ್ಲಿ ಆ ಬೆಂಚಿನ ಕಾಲು ಮುರಿಯಿತು. ಅವಳು ಗೋಡೆಯ ಬದಿಗೆ ಹೋಗಬೇಕಾಯಿತು. ಈಗ ಮಾಸ್ಟ್ರ ಕಡೆಗೆ ಇದ್ದದ್ದು ಸತ್ತ ಕಿವಿ. ಕೈವಾರದಲ್ಲಿ ವೃತ್ತ ಎಳೆಯುತ್ತಿದ್ದವಳಿಗೆ ತನ್ನ ಹೆಸರು ಕೇಳಿಸಲಿಲ್ಲ. ಪಕ್ಕದ ಐರಿನ್ ತಿವಿದಾಗ ಎದ್ದಳು.

"ಸಮದ್ವಿಬಾಹು ತ್ರಿಭುಜ ಎಂದರೆ?"

ನಡುವಿನ 'ದ್ವಿ' ಎಲ್ಲಿಯೋ ಬಿದ್ದುಹೋಯಿತು. ಅವಳಿಗೆ ಕೇಳಿಸಿದ್ದು ಸಮಬಾಹು.

"ಮೂರು ಬಾಹುಗಳೂ ಸಮ, ಸರ್."

"ಮೂರಾ?" ಮಾಸ್ಟ್ರು ಬೆಂಚುಗಳ ನಡುವೆ ನುಗ್ಗಿ ಬಂದರು. ಬಲಗೈ ಬೀಸಿದರು. ಎಡಗೆನ್ನೆ ಹಲ್ಲಿಗೆ ಸಿಕ್ಕಿ ಬಾಯಿ ಉಪ್ಪಾಯಿತು. "ದ್ವಿ ಅಂದ್ರೆ ಎಷ್ಟು ಮಾರಾಯ್ತಿ? ಎರಡು. ಎರಡು ಕಡೆ ಸಮ. ಒಂದು ಕಡೆಯದ್ದು ಆಯ್ತು. ಇನ್ನೊಂದು ಕಡೆಯದ್ದೂ ಸಮ ಮಾಡಬೇಡವಾ?"

ಹುಡುಗರು ಹಲ್ಲು ಬಿಟ್ಟರು. ಮಾಸ್ಟ್ರ ಎಡಗೈ ಮೇಲೆದ್ದಿತು.

ಸ್ವರ್ಣಲತಾ ಬಲಗಿವಿಗೆ ಮುಷ್ಟಿ ಅಡ್ಡ ಕೊಟ್ಟಳು. ಮುಷ್ಟಿಯಲ್ಲಿ ಕೈವಾರ ಇತ್ತು, ಮುಳ್ಳು ಹೊರಗೆ. ಇದ್ದದ್ದು ಅವಳಿಗೆ ಗೊತ್ತಿತ್ತು. ಆದರೂ ಅವಳು ಕೈ ತೆಗೆಯಲಿಲ್ಲ.

ಪೆಟ್ಟು ಅದರ ಮೇಲೆಯೇ ಬಂತು. ಮುಳ್ಳು ಅಂಗೈಯೊಳಗೆ ಬೆರಳಿನ ಒಂದು ಗೆಣ್ಣಿನಷ್ಟು ಇಳಿಯಿತು. ಮಾಸ್ಟ್ರು ಕಿರುಚಿ ಕೈ ಎಳೆದುಕೊಂಡರು. ಕೈವಾರವೂ ಕೈಯೊಂದಿಗೆ ಹೋಗಿ ಅಲ್ಲೇ ನೇತಾಡಿತು. ರಕ್ತ ಐರಿನಳ ಪುಸ್ತಕಕ್ಕೆ ಹಾರಿತು.

ಸುದ್ದಿ ಸಿಕ್ಕಿ ಹೂವಪ್ಪ ಕೆಲಸದ ಜಾಗದಿಂದಲೇ ಬಂದ, ಮೊಣಕೈವರೆಗೂ ಸಿಮೆಂಟು. ಹೆಡ್ಮಾಸ್ಟ್ರು ಅನಂತಪದ್ಮನಾಭ ರಾಯರ ಕೋಣೆಯಲ್ಲಿ ಒಂದು ಮಾತೂ ಕೇಳದೆ ಮಗಳ ಜಡೆ ಹಿಡಿದು ಕೈ ಎತ್ತಿದ. ಅವಳು ಕೂಗಿಕೊಂಡಳು: "ಬಲದ್ದಕ್ಕೆ ಬೇಡ ಅಪ್ಪ! ಎಡದ್ದಕ್ಕೆ ಎಷ್ಟು ಬೇಕಾದ್ರೂ ಹೊಡೀರಿ. ಅದು ಮೊದಲೇ ಹೋಗಿದೆ."

ಹೂವಪ್ಪನ ಕೈ ನಿಂತಿತು. "ಎಂತ ಹೋಗಿದೆ?"

"ಕಿವಿ. ಜುಲೈಯಲ್ಲಿ ಮಾಸ್ಟ್ರು ಹೊಡೆದಾಗ."

ರಾಯರು ಅವಳ ಹಿಂದೆ ಹೋಗಿ ಎಡಗಡೆಯಲ್ಲಿ ಚಿಟಿಕೆ ಹೊಡೆದರು. ಅವಳು ಅಲುಗಲಿಲ್ಲ. ಬಲಗಡೆ ಹೊಡೆದಾಗ ಬೆಚ್ಚಿ ತಿರುಗಿದಳು. "ಸಮದ್ವಿಬಾಹು ಎಂದರೆ ಎಂತ ಮಗಾ?" ಎಂದು ಆ ಕಿವಿಗೆ ಕೇಳಿದರು. "ಎರಡು ಬಾಹುಗಳು ಸಮ, ಸರ್" ಎಂದಳು.

ಹೂವಪ್ಪ, ಕೈಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದ ಮಾಸ್ಟ್ರ ಅಂಗಿಯ ಕಾಲರು ಹಿಡಿದು ಕಪಾಟಿಗೆ ಅಪ್ಪಳಿಸಿದ. ಮೇಲಿನ ಗ್ಲೋಬು ಉರುಳಿ ಒಡೆಯಿತು. ಇನ್ನೊಮ್ಮೆ ಅಪ್ಪಳಿಸಿದ.

"ಕಣ್ಣು ಒಂದು ಬಿಟ್ಟು ಎಲ್ಲಿಗೆ ಬೇಕಾದರೂ ಹೊಡೆಯಿರಿ ಅಂತ ಶಾಲೆಗೆ ಸೇರಿಸುವಾಗ ಹೇಳಿದವರು ನೀವೇ ಅಲ್ವಾ?" ಮಾಸ್ಟ್ರು ಏದುಸಿರು ಬಿಡುತ್ತ ಕೇಳಿದರು.

ಹೇಳಿದ್ದು ನಿಜ. ಊರಿನಲ್ಲಿ ಎಲ್ಲ ಅಪ್ಪಂದಿರೂ ಹೇಳುತ್ತಿದ್ದ ಮಾತು ಅದು. ಹೇಳದಿದ್ದರೆ ಮಗುವಿನ ಮೇಲೆ ಅಕ್ಕರೆ ಇಲ್ಲ ಎಂದು ಅರ್ಥ. ಹೂವಪ್ಪನ ಹಿಡಿತ ಸಡಿಲವಾಯಿತು.

"ಹೇಳಿದ್ದೆ. ಹೇಳಬಾರದಿತ್ತು" ಎಂದ. "ಈಗ ಹೇಳ್ತೇನೆ ಕೇಳಿ. ಕಣ್ಣೂ ಬೇಡ, ಕಿವಿಯೂ ಬೇಡ, ಅವಳ ಮೈಯೇ ಬೇಡ. ಬಾಯಲ್ಲಿ ಕಲಿಸಲಿಕ್ಕೆ ಆಗುವುದಾದರೆ ಕಲಿಸಿ."

"ಟಿ.ಸಿ. ಕೊಟ್ಟು ಓಡಿಸಿ ಇವಳನ್ನು. ಇಲ್ಲದಿದ್ದರೆ ಪೊಲೀಸಿಗೆ ಹೋಗ್ತೇನೆ" ಎಂದು ಮಾಸ್ಟ್ರು ರಾಯರ ಕಡೆಗೆ ತಿರುಗಿದರು.

"ಹೋಗಿ ಜನಾರ್ದನರೇ" ಎಂದರು ರಾಯರು, ಗ್ಲೋಬಿನ ಚೂರು ಹೆಕ್ಕುತ್ತ. "ಅವರು ಮೊದಲು ಕೇಳುವುದು, ನಿಮ್ಮ ಕೈ ಆ ಹುಡುಗಿಯ ತಲೆಯಷ್ಟು ಎತ್ತರದಲ್ಲಿ ಎಂತ ಮಾಡುತ್ತಿತ್ತು ಅಂತ. ಏಳನೆಯ ಗಣಿತ ನಾಳೆಯಿಂದ ನಾನು ತೆಗೆದುಕೊಳ್ಳುತ್ತೇನೆ. ಅವಳನ್ನು ಕಳಿಸುವುದೋ ಬಿಡುವುದೋ ಹೂವಪ್ಪನೇ ಹೇಳಲಿ."

ಹೂವಪ್ಪ ಮಗಳ ಚೀಲ ತಾನೇ ಹೊತ್ತುಕೊಂಡು ಹೊರಟ. ಗೇಟು ದಾಟಿದ ಮೇಲೆ ಅವನ ತುಟಿ ಅಲುಗುತ್ತಿರುವುದನ್ನು ಸ್ವರ್ಣಲತಾ ಕಂಡಳು. ಅವನು ಎಡಗಡೆಯಲ್ಲಿದ್ದ. ಲಾರಿಗಳ ಸದ್ದಿನ ನಡುವೆ ಒಂದು ಅಕ್ಷರವೂ ಸಿಗಲಿಲ್ಲ. ಬೀಡಿಯ ಮೊರವೇ ಅವಳ ಕಣ್ಣಿಗೆ ಬಂತು.

"ಎಂತ ಹೇಳಿದ್ದು ಅಪ್ಪ?"

ಅವನು ನಿಂತ. ಅವಳನ್ನು ಸುತ್ತಿ ಬಲಗಡೆಗೆ ಬಂದು ಬಗ್ಗಿದ.

"ನಾಳೆ ಬೇಗ ಹೋಗಿ ಮುಂದಿನ ಬೆಂಚು ಹಿಡಿ ಅಂತ ಹೇಳಿದ್ದು."