ಸದ್ದಿಲ್ಲದ ಬಾಗಿಲು

ಅಕ್ಕ ಸ್ಟೂಲಿನ ಮೇಲೆ ನಿಂತು ಅಡುಗೆಮನೆಯ ಬಾಗಿಲಿನ ಕೀಲಿಗೆ ಎಣ್ಣೆ ಬಿಡುತ್ತಿದ್ದಳು. ಕೆಳಗೆ ಸ್ಟೂಲು ಹಿಡಿದು ನಿಂತಿದ್ದ ತಮ್ಮ, ಈ ಬಾಗಿಲು ಕುಡಿದಷ್ಟು ಎಣ್ಣೆಯನ್ನು ತನ್ನ ತಲೆ ಕಂಡಿದ್ದರೆ ನಾಲ್ಕು ಕೂದಲಾದರೂ ಉಳಿಯುತ್ತಿದ್ದವು ಎಂದು ಗೊಣಗಿದ. ಅವನು ಬಸ್ಸಿನ ಡ್ರೈವರ್. ಮಾತು, ನಗು, ಸೀನು ಎಲ್ಲವೂ ಜೋರು. ಮನೆಯಲ್ಲಿ ಅವನಿಗೆ ಗುಡುಗು ಎಂದೇ ಹೆಸರು.

ಅಕ್ಕ ಬಡಗಿ. ಅವಳು ಕೂರಿಸಿದ ಬಾಗಿಲು ಪಿಟ್ಟೆನ್ನುವುದಿಲ್ಲ ಎಂದು ಊರೆಲ್ಲ ಮಾತು. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ತನ್ನ ಮನೆಗೆ ಕರೆತರುವ ಮುನ್ನ, ಒಂದೊಂದು ಬಾಗಿಲಿನ ಅಂಚಿಗೂ ಹತ್ತರಿ ಹೊಡೆದು ನುಣುಪು ಮಾಡಿ, ಚೌಕಟ್ಟಿಗೆ ರಬ್ಬರ್ ಪಟ್ಟಿ ಅಂಟಿಸಿದ್ದಳು. ಅಪ್ಪನ ಕೂಗಾಟ, ಏಟುಗಳಲ್ಲೇ ಜೀವ ಸವೆಸಿದ ಅಮ್ಮ ಇನ್ನಾದರೂ ನೆಮ್ಮದಿಯಾಗಿರಲಿ ಎಂಬುದೊಂದೇ ಅವಳ ಆಸೆ. ಆ ಹತ್ತರಿಯೂ ಅಪ್ಪನದೇ. ಹೊಡೆದ ಕೈಯೇ ಅವಳ ಕೈ ಹಿಡಿದು ಕಸುಬು ಕಲಿಸಿತ್ತು. ಹತ್ತರಿ ಮುಟ್ಟಿದಾಗಲೆಲ್ಲ ಅವಳಿಗೆ ಅಪ್ಪ ಬೇಕೆನಿಸುತ್ತಿತ್ತು. ಬೇಕೆನಿಸಿತಲ್ಲ ಎಂದು ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ಆದರೆ ಅಮ್ಮನಿಗೆ ನೆಮ್ಮದಿ ಸಿಕ್ಕಿರಲಿಲ್ಲ. ಊಟಕ್ಕೆ ಕೂತರೆ ಗೋಡೆಗೆ ಬೆನ್ನು ಕೊಟ್ಟು, ಬಾಗಿಲನ್ನೇ ನೋಡುತ್ತಾ, ನಾಲ್ಕು ತುತ್ತು ತಿಂದು ಎದ್ದುಬಿಡುತ್ತಿದ್ದಳು. ಯಾರಾದರೂ ಒಳಗೆ ಬಂದರೆ ಬೆಚ್ಚಿಬೀಳುತ್ತಿದ್ದಳು. ಎಲ್ಲೋ ಒಂದು ಕೀಲು ಇನ್ನೂ ಕಿರುಗುಟ್ಟುತ್ತಿರಬೇಕೆಂದು ಅಕ್ಕ ಮತ್ತೆ ಮತ್ತೆ ಎಣ್ಣೆ ಬಿಡುತ್ತಿದ್ದಳು. ಇವತ್ತು ಅಡುಗೆಮನೆ ಬಾಗಿಲಿನ ಸವೆದ ರಬ್ಬರ್ ಪಟ್ಟಿಯನ್ನೂ ಕಿತ್ತಿದ್ದಳು, ಊಟವಾದ ಮೇಲೆ ಹೊಸದು ಅಂಟಿಸೋಣವೆಂದು.

ಅಷ್ಟರಲ್ಲಿ ಊಟದ ಹೊತ್ತಾಯಿತು. ಎರಡೂ ಕೈಯಲ್ಲಿ ಪಾತ್ರೆ ಹಿಡಿದು ಹೊರಬಂದ ಗುಡುಗು, ಆ ಬಾಗಿಲನ್ನು ಹಿಮ್ಮಡಿಯಿಂದ ಒದ್ದ. ಬಾಗಿಲು ಧಡಾರನೆ ಬಡಿಯಿತು.

ಅವನನ್ನು ಬೈಯಲು ಬಾಯಿ ತೆರೆದ ಅಕ್ಕ ಅಮ್ಮನ ಮುಖ ನೋಡಿದಳು. ಅಮ್ಮ ನಗುತ್ತಿದ್ದಳು. ಚಿಕ್ಕವನಿದ್ದಾಗಲೂ ಹೀಗೇ ಒದೆಯುತ್ತಿದ್ದ, ಕತ್ತೆ ಎಂದಳು.

ಹೆದರಿಕೆಯಾಗಲಿಲ್ಲವೇ ಎಂದು ಅಕ್ಕ ಕೇಳಿದಳು.

"ಸದ್ದಿಗ್ಯಾಕೆ ಹೆದರ್ಲಿ? ನಿಮ್ಮಪ್ಪ ಮನೇಲಿದ್ರೆ ನೀವಿಬ್ರೂ ಉಸಿರು ಬಿಗಿಹಿಡಿದು ಓಡಾಡ್ತಿದ್ರಿ. ಅವರು ಆಚೆ ಹೋದ್ಮೇಲೇ ನೀವು ಬಾಗಿಲು ಬಡಿಯೋದು, ಕಿರುಚಾಡೋದು. ಆಗ್ಲೇ ನಾನು ಕೂತು ಊಟ ಮಾಡ್ತಿದ್ದದ್ದು." ಅಮ್ಮ ಅಡುಗೆಮನೆಯ ಬಾಗಿಲ ಕಡೆ ನೋಡಿದಳು. "ಇಲ್ಲಿ ಬಾಗಿಲೆಲ್ಲಾ ಸುಮ್ನಿರ್ತವೆ ಕಣೇ. ಅವರು ಒಳಗೇ ಇದಾರೆ ಅನ್ಸುತ್ತೆ."

ಅಕ್ಕನಿಗೆ ಅಳು ಉಕ್ಕಿಬಂತು. ಪ್ರೀತಿಯಿಂದ ಅವಳು ಮಾಡಿಕೊಟ್ಟದ್ದು ಆ ಹಳೆಯ ಮನೆಯನ್ನೇ. ಮೊದಲೇ ಹೇಳಬಾರದಿತ್ತೇ ಎಂದರೆ, ಅಷ್ಟು ಕಷ್ಟಪಟ್ಟವಳಿಗೆ ಹೇಗೆ ಹೇಳಲಿ ಎಂದಳು ಅಮ್ಮ.

ಊಟ ಅಲ್ಲಿಗೇ ನಿಂತಿತು. ಅಕ್ಕ ಉಳಿ ಹಿಡಿದು ಪಟ್ಟಿಗಳನ್ನೆಲ್ಲ ಕೀಳುತ್ತಾ ಹೋದಳು. ಗುಡುಗು ಹಿಂದೆಯೇ ಒಂದೊಂದು ಬಾಗಿಲನ್ನೂ ಬಡಿದು ಪರೀಕ್ಷೆ ಮಾಡುತ್ತಾ ಬಂದ. ಪಕ್ಕದ ಮನೆಯವರು ಕಿಟಕಿಯಿಂದ ಇಣುಕಿ, ಮನೆ ಕೆಡವುತ್ತಿದ್ದೀರಾ ಎಂದರು. ಇಲ್ಲ, ರಿಪೇರಿ ಎಂದು ಅವನು ಕೂಗಿದ. ಮಲಗುವ ಕೋಣೆಯ ಬಾಗಿಲೊಂದು ಚೌಕಟ್ಟಿಗೆ ತಗುಲಿ ನಿಲ್ಲುತ್ತಿತ್ತು. ಅಕ್ಕ ಅಪ್ಪನ ಹತ್ತರಿ ತೆಗೆದು ಅಂಚು ಸವರಿದಳು. ಅಪ್ಪ ನೆನಪಾದ. ಈ ಸಲ ಅವಳಿಗೆ ತನ್ನ ಮೇಲೆ ಸಿಟ್ಟು ಬರಲಿಲ್ಲ.

ಮತ್ತೆ ಮೇಜಿಗೆ ಬರುವಷ್ಟರಲ್ಲಿ ಊಟ ಆರಿಹೋಗಿತ್ತು. ಉಂಡು ಕೈ ತೊಳೆಯಲು ಹೋದ ಗುಡುಗು ಎಂದಿನಂತೆ ಬಾಗಿಲು ಬಡಿದ.

"ಮುರಿದು ಹಾಕ್ತೀಯೇನೋ!" ಎಂದು ಅಮ್ಮ ಗದರಿದಳು. ತಿರುಗಿ ನೋಡಲಿಲ್ಲ. ಅವಳು ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಳು. ಖಾಲಿಯಾದ ತಟ್ಟೆಯನ್ನು ಮಗಳ ಕಡೆ ಚಾಚಿದ್ದಳು.