ಪುಟದೊಳಗೆ ನೋಡುವ ಮುಖ

"ಆ ಕಡೆಗಲ್ಲ ಕಣೇ, ಅವರ ಎಡಕ್ಕೆ!" ಹೆಂಡತಿ ನಾದಿನಿಯ ಕೈಯಿಂದ ಬಾಚಣಿಗೆ ಕಿತ್ತುಕೊಂಡಳು. ಎದುರಿಗೆ ಕೂತು ಬಾಚಿದ್ದರಿಂದ ಸತ್ತವನ ಬೈತಲೆ ಬಲಕ್ಕೆ ಬಂದಿತ್ತು. ಒದ್ದೆ ಕೂದಲನ್ನು ಕೆದರಿ, ಎಡಕ್ಕೆ ನೇರ ಗೆರೆ ಎಳೆದು ಕೂರಿಸಿದಳು. ಪತ್ರಿಕೆಯ ಮುಖಪುಟ ವಿನ್ಯಾಸ ಮಾಡುತ್ತಿದ್ದವನು. ಗೆರೆ ಒಂಚೂರು ವಾಲಿದರೂ ಅವನಿಗೆ ಊಟ ಸೇರುತ್ತಿರಲಿಲ್ಲ.

ನಾದಿನಿ ಕಿಟಕಿಯಲ್ಲಿ ಇಣುಕಿದಳು. "ಅತ್ತಿಗೆ, ಮೂಲೆ ಅಂಗಡಿ ಟೈಲರ್ ಬಂದಿದ್ದಾರೆ. ಗೇಟ್ ಹತ್ರಾನೇ ನಿಂತಿದ್ದಾರೆ. ಒಳಗೆ ಬನ್ನಿ ಅಂದ್ರೂ ಬರ್ತಿಲ್ಲ."

"ಬಂದರಲ್ಲ, ಅದೇ ದೊಡ್ಡದು. ಸಂಪಾದಕರು?"

"ಬರ್ತಾರಂತೆ. ಇವತ್ತಾದ್ರೂ ಬಾಯಿ ಬಿಡ್ತಾರೆ ಅಂತೀರಾ?"

"ಬಿಡಲೇಬೇಕು. ಗಾಡಿ ಹೊರಡೋದ್ರೊಳಗೆ ಆ ಟೈಲರ್ ಕಿವಿಗೆ ನಿಜ ಬೀಳಬೇಕು. ಅಲ್ಲೀವರೆಗೆ ನಿಮ್ಮಣ್ಣನ್ನ ಎತ್ತೋಕೆ ಬಿಡಲ್ಲ ನಾನು."

*

ಎಷ್ಟೋ ವರ್ಷಗಳ ಹಿಂದೆ, ಪೊಲೀಸರು ಹುಡುಕುತ್ತಿದ್ದ ಮಕ್ಕಳ ಕಳ್ಳನೊಬ್ಬನ ಫೋಟೋ ಮುಖಪುಟಕ್ಕೆ ಬಂದಿತ್ತು. ಬಲಗೆನ್ನೆಯಲ್ಲಿ ದೊಡ್ಡ ಮಚ್ಚೆ. ಪುಟದ ಅಂಚಿನಲ್ಲಿ ಕೂರಿಸಿದರೆ ಮುಖ ಹೊರಗೆ ನೋಡುತ್ತಿತ್ತು. ಮುಖ ಯಾವಾಗಲೂ ಪುಟದೊಳಗೆ ನೋಡಬೇಕು, ಇಲ್ಲದಿದ್ದರೆ ಓದುವವರ ಕಣ್ಣೂ ಹೊರಗೆ ಜಾರುತ್ತದೆ ಎಂಬುದು ಸಂಪಾದಕರ ಹಟ.

"ತಿರುಗಿಸಿ ಹಾಕು," ಎಂದರು ವಿನ್ಯಾಸಕಾರ ಗೆಳೆಯನಿಗೆ.

"ಮಚ್ಚೆ ಎಡಗೆನ್ನೆಗೆ ಹೋಗತ್ತಲ್ಲೋ. ಫೋಟೋನೇ ಆಚೆ ಬದಿಗೆ ಸರಿಸ್ತೀನಿ."

"ಅಲ್ಲಿ ಜಾಹೀರಾತಿದೆ. ಮಚ್ಚೆ ಯಾರು ನೋಡ್ತಾರೆ? ತಿರುಗಿಸೋ!"

ನೋಡಿದರು. ಎಡಗೆನ್ನೆಯಲ್ಲಿ ಮಚ್ಚೆಯಿದ್ದ ಟೈಲರನ್ನು ಮರುದಿನ ಬಸ್ ನಿಲ್ದಾಣದಲ್ಲಿ ಜನ ಹಿಡಿದು ಬಡಿದರು. ಕತ್ತರಿ ಹಿಡಿಯುವ ಕೈ ಮುರಿದು ಬೆರಳು ಸೊಟ್ಟಗಾದವು. ಚಿತ್ರ ತಿರುಗಿದ್ದು ವಿನ್ಯಾಸಕಾರರ ಕಣ್ತಪ್ಪಿನಿಂದ ಎಂದು ಪತ್ರಿಕೆ ವಿಷಾದ ಅಚ್ಚುಹಾಕಿತು.

"ಸದ್ಯಕ್ಕೆ ನೀನು ಹೊತ್ಕೋ," ಎಂದು ಸಂಪಾದಕರು ಇದೇ ಮನೆಯಲ್ಲಿ ಕೂತು, ಅವಳು ಬಡಿಸಿದ್ದನ್ನು ಉಣ್ಣುತ್ತ ಗೆಳೆಯನಿಗೆ ಹೇಳಿದ್ದರು. "ಗಲಾಟೆ ತಣ್ಣಗಾಗ್ಲಿ, ನಾನೇ ಆ ಟೈಲರ್ ಹತ್ರ ಹೋಗಿ ಹೇಳ್ತೀನಿ. ನಿನ್ನಾಣೆ."

ಗಲಾಟೆ ತಣ್ಣಗಾಯಿತು, ಆಣೆಯೂ ತಣ್ಣಗಾಯಿತು. ಮುಖಪುಟ ಕೈಬಿಟ್ಟು ಹೋಗಿ, ಅವನು ಬಾಡಿಗೆ ಮನೆ, ಹಳೇ ಸ್ಕೂಟರುಗಳ ಜಾಹೀರಾತು ಜೋಡಿಸುತ್ತಲೇ ನಿವೃತ್ತನಾದ. ಅಂಗಡಿಯೆದುರು ಹೋಗಿ ನಿಂತರೆ ಟೈಲರ್ ಬಾಗಿಲು ಎಳೆದುಕೊಳ್ಳುತ್ತಿದ್ದ. "ನಾನೇ ಹೋಗಿ ಹೇಳ್ತೀನಿ," ಎಂದು ಹೆಂಡತಿ ರೇಗಿದರೆ, "ಬೇಡ ಕಣೇ, ನಾವು ಹೇಳಿದ್ರೆ ನುಣುಚ್ಕೊಂಡ ಹಾಗಾಗತ್ತೆ. ಅವನು ಮಾತು ಕೊಟ್ಟಿದ್ದಾನೆ," ಎನ್ನುತ್ತಿದ್ದ. ಪೆದ್ದ! ಅವಳಿಗೆ ಗಂಡನ ಮೇಲೂ ಸಿಟ್ಟಿತ್ತು.

*

ಸಂಪಾದಕರು ಆ ಬೆಳಗಿನ ಪತ್ರಿಕೆ ಹಿಡಿದೇ ಬಂದರು. ಅವರ ಹಿಂದೆ ಟೈಲರೂ ಹೊಸ್ತಿಲವರೆಗೆ ಬಂದು ನಿಂತ.

"ನೋಡಮ್ಮಾ, ಇವನು ಹೋದ ಸುದ್ದಿ ಮುಖಪುಟದಲ್ಲೇ ಹಾಕಿಸಿದ್ದೀನಿ. ಬರೆದದ್ದೂ ನಾನೇ."

ಅವಳು ಓದಿದಳು. 'ಒಂದು ಕಣ್ತಪ್ಪಿನ ಹೊರತು ಕಳಂಕವಿಲ್ಲದ ಸೇವೆ.' ಸತ್ತ ಮೇಲೂ ಬಿಡಲಿಲ್ಲವಲ್ಲ ಈ ಮನುಷ್ಯ!

"ಅಣ್ಣಾ, ಟೈಲರ್ ಇಲ್ಲೇ ಇದ್ದಾರೆ. ಹೇಳಬೇಕಾದ್ದು ಹೇಳಿಬಿಡಿ."

"ಇದೆಲ್ಲ ಮಾತಾಡೋ ಹೊತ್ತೇನಮ್ಮಾ ಇದು?" ಸಂಪಾದಕರು ಕೈಗಡಿಯಾರ ನೋಡಿಕೊಂಡರು.

ಅವಳು ಮತ್ತೆ ಪತ್ರಿಕೆಯ ಮೇಲೆ ಕಣ್ಣು ಹಾಯಿಸಿದಳು. ಫೋಟೋದಲ್ಲಿ ಗಂಡ ಯಾರೋ ಬೇರೆಯವರ ಹಾಗೆ ಕಂಡ.

"ಇದು ಇವರಲ್ಲ. ಬೈತಲೆ ಬಲಕ್ಕಿದೆ."

"ಅಯ್ಯೋ, ಇವನೇ ಕಣಮ್ಮಾ. ಮುಖ ಪುಟದಿಂದ ಆಚೆ ನೋಡ್ತಿತ್ತು. ಈಗಿನ ಹುಡುಗರಿಗೆ ಎಷ್ಟು ಹೇಳಿದ್ರೂ ಅಷ್ಟೇ. ತಿರುಗಿಸಿ ಹಾಕಿ ಅಂತ ನಾನೇ ಹೇಳ್ಬೇಕು, ಯಾವಾಗ್ಲೂ ನಾನೇ..."

ಅವರು ಸರಕ್ಕನೆ ಹೊಸ್ತಿಲತ್ತ ತಿರುಗಿದರು.

ಟೈಲರ್ ಸೊಟ್ಟ ಬೆರಳುಗಳಿಂದ ತನ್ನ ಎಡಗೆನ್ನೆ ಮುಟ್ಟಿಕೊಂಡ. "ಅವತ್ತು ತಿರುಗಿಸು ಅಂದಿದ್ದೂ ನೀವೇನಾ ಸಾರ್?"

ಸಂಪಾದಕರು ನೆಲದ ಮೇಲೆ ಮಲಗಿದ್ದ ಗೆಳೆಯನತ್ತ ನೋಡಿದರು, ಇದನ್ನೂ ಅವನೇ ಹೊತ್ತುಕೊಳ್ಳಲಿ ಎಂಬಂತೆ.

ಟೈಲರ್ ಒಳಗೆ ಬಂದು ತಲೆಯ ಹತ್ತಿರ ಕುಸಿದು ಕೂತ. "ಬಾಗಿಲು ಹಾಕ್ಕೋತಿದ್ದೆನಲ್ಲಕ್ಕಾ," ಎಂದ. "ಬಂದಾಗಲೆಲ್ಲ ಇವರ ಮುಖಕ್ಕೇ ಹಾಕ್ಕೋತಿದ್ದೆನಲ್ಲ."

ಹೊರಗೆ ಗಾಡಿಯ ಹಾರನ್ ಕೇಳಿಸಿತು. ಅವಳು ಏಳಲಾರದೆ ಎದ್ದು, ಗಂಡ ದಿನಾ ತಲೆ ಬಾಚುತ್ತಿದ್ದ ಗೋಡೆಗನ್ನಡಿಗೆ ಪತ್ರಿಕೆಯನ್ನು ಎದುರಾಗಿ ಹಿಡಿದಳು. ಕನ್ನಡಿಯೊಳಗೆ ಅಕ್ಷರಗಳೆಲ್ಲ ತಿರುಗುಮುರುಗಾಗಿ, ಸಂಪಾದಕರು ಬರೆದ ಒಂದು ಸಾಲೂ ಓದಲು ಬರುವಂತಿರಲಿಲ್ಲ. ಅವುಗಳ ನಡುವೆ ಅವಳ ಗಂಡ, ಎಡಕ್ಕೆ ನೇರ ಬೈತಲೆ ತೆಗೆದು ನಗುತ್ತಿದ್ದ.