ಬರೀ ಮದ್ದಿನ ಕೋವಿ

ಗುಡವಿ ಕೆರೆಯ ಬೆಳ್ಳಕ್ಕಿ ಇಷ್ಟು ದೂರ ಯಾಕೆ ಬಂತು, ಅದೂ ಪೊಲೀಸ್ ಠಾಣೆಯ ಹಿತ್ತಿಲಿಗೆ, ತಂತಿಯ ಮೇಲೆ ಕೂತಿದೆ, ಒಂದು ರೆಕ್ಕೆ ಜೋತುಬಿದ್ದಿದೆ, ಪೆಟ್ಟಾಗಿರಬೇಕು ಪಾಪ — ಅಲ್ಲ, ಬನಿಯನ್ನು, ಯಾವನೋ ಪೊಲೀಸಪ್ಪ ತನ್ನ ಬನಿಯನ್ನು ಹಿಂಡದೆ ಒಣಹಾಕಿದ್ದಾನೆ, ತೊಟ್ಟಿಕ್ಕುತ್ತಿದೆ, ನನ್ನ ಕಣ್ಣು ಇನ್ನು ಇಷ್ಟೇ, ದೂರದ್ದೆಲ್ಲ ತವರಿನ ಹಾಗೆ ಕಾಣುತ್ತದೆ, ಹತ್ತಿರದ್ದು ಮಂಜು, ಆದರೂ ಗೋಡೆಯ ದಪ್ಪ ಅಕ್ಷರ ಓದಬಲ್ಲೆ, ಶಾಂ-ತ-ವಾ-ಗಿ ಕು-ಳಿ-ತಿ-ರಿ, ಕೂತಿದ್ದೇನಪ್ಪ, ಇನ್ನೆಷ್ಟು ಶಾಂತವಾಗಿ ಕೂರಲಿ, ಊಟಕ್ಕೆ ಹೋದ ರೈಟರು ಬರಬೇಕು, ಬಂದು ಕೇಳುತ್ತಾನೆ ಏನಮ್ಮಾ ಏನು ತೀರ್ಮಾನ ಮಾಡಿದಿರಿ ಅಂತ, ಬೆಳಿಗ್ಗೆಯೇ ಹೇಳಿಬಿಟ್ಟನಲ್ಲ, ನೋಡ್ರೀ ಅಮ್ಮಾ, ನಿಮ್ಮ ಯಜಮಾನ್ರು ಬೆನಕಪ್ಪನವರ ಹೆಸರಿನ ಬಂದೂಕಿನ ಲೈಸೆನ್ಸು ಅವರ ಜೊತೆಗೇ ಹೋಯ್ತು, ಇನ್ನು ಮಗನ ಹೆಸರಿಗೆ ಮಾಡಿಸಿ, ನಿಮ್ಮದೇನೂ ತಕರಾರಿಲ್ಲ ಅಂತ ರುಜು ಹಾಕಿ, ಇಲ್ಲಾ ಅಪ್ಪಣೆ ತಗೊಂಡು ನಳಿಗೆ ಮುಚ್ಚಿಸಿ ಪೂಜೆಗೆ ಇಟ್ಕೊಳ್ಳಿ, ಇಲ್ಲಾ ಸರ್ಕಾರಕ್ಕೇ ಒಪ್ಪಿಸಿಬಿಡಿ, ಮೂರರಲ್ಲಿ ಒಂದು ಹೇಳಿ — ಸೊಪ್ಪಿನವಳು ಕೇಳಿದ ಹಾಗೆ ಕೇಳಿದ, ಮೆಂತ್ಯೆ ಬೇಕಾ ಸಬ್ಬಸಿಗೆ ಬೇಕಾ. ಎಲೆಕ್ಷನ್ನು ಬಂತೆಂದು ಎಲ್ಲರ ಕೋವಿಗಳನ್ನೂ ಇಲ್ಲಿ ಇರಿಸಿಕೊಂಡಿದ್ದರು, ನಮ್ಮವರೂ ಕಂಬಳಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದು ಕೊಟ್ಟು ಹೋದರು, ಎಣಿಕೆ ಮುಗಿದ ಮೇಲೆ ಉಳಿದವರೆಲ್ಲ ತಮ್ಮ ತಮ್ಮದು ಒಯ್ದರು, ಇವರು ಮಾತ್ರ ಬರಲಿಲ್ಲ, ಜ್ವರ ಅಂತ ಮಲಗಿದವರು ಸಂಕ್ರಾಂತಿ ನೋಡಲಿಲ್ಲ, ಕೋವಿ ಒಳಕೋಣೆಯಲ್ಲಿ ಕೊರಳಿಗೆ ರಟ್ಟಿನ ಚೀಟಿ ಕಟ್ಟಿಸಿಕೊಂಡು ಒಂಟಿಯಾಗಿ ನಿಂತಿದೆ, ಚೀಟಿಯ ಮೇಲೆ ಅವರ ಹೆಸರು, ಬಾಯಿಂದ ಒಮ್ಮೆಯೂ ಹೇಳದ ಹೆಸರನ್ನು ರಾತ್ರಿ ಶಾಲೆಯಲ್ಲಿ ಮೊದಲ ಸಲ ಸ್ಲೇಟಿನ ಮೇಲೆ ಬರೆದಾಗ ಪಕ್ಕ ಕೂತಿದ್ದ ಲೋಕಮ್ಮ ಮೊಳಕೈಯಲ್ಲಿ ತಿವಿದಿದ್ದಳು, ಅಯ್ಯ ಜಗದಾಂಬಕ್ಕ, ಗಂಡನ ಹೆಸರು ಅಳಿಸೋದು ಹೆಂಗೀಗ, ಹಂಗೇ ಇಟ್ಕಂಡು ಮನಿಗೆ ಹೋಗು.

ಸೊಂಟ ಹಿಡಿಯುತ್ತಿದೆ, ಬೆಂಚಿನ ಹಲಗೆಯಲ್ಲಿ ಮೊಳೆ ಎದ್ದಿದೆ, ಸ್ವಲ್ಪ ಸರಿದು ಕೂರಬೇಕು. ಅದು ಎಂಥ ಕೋವಿ ಅಂತ ರೈಟರಿಗೆ ಹೇಳಿದರೆ ನಕ್ಕಾನು, ನಾವು ತವರಿನಲ್ಲಿ ಕೋವಿ ಅಂದರೆ ಇಲ್ಲಿಯವರು ಬಂದೂಕು ಅನ್ನುತ್ತಾರೆ, ಏನಂದರೂ ಅದು ಗುಂಡು ಕಂಡದ್ದಲ್ಲ, ನಮ್ಮದು ಲಿಂಗ ಕಟ್ಟಿದ ಕೊರಳು, ಕೊಲ್ಲುವ ಹಾಗಿಲ್ಲ, ಹಂದಿ ಬಂದು ಗದ್ದೆ ಉರುಳಾಡಿಸಿದರೆ ಸುಮ್ಮನಿರುವ ಹಾಗೂ ಇಲ್ಲ, ಅದಕ್ಕೇ ಮಾವನವರ ಕಾಲದಿಂದ ಬರೀ ಮದ್ದು, ನಳಿಗೆಗೆ ಮದ್ದು ಸುರಿದು ಹಳೇ ಬಟ್ಟೆಯ ಚಿಂದಿ ತುರುಕಿ ಗಟ್ಟಿಸಿ ಆಕಾಶಕ್ಕೆ ಹಿಡಿದು ಢಂ ಅನ್ನಿಸುವುದು, ಹೊಗೆ, ಸದ್ದು, ಸುಟ್ಟ ಬಟ್ಟೆಯ ವಾಸನೆ, ಅಷ್ಟೇ, ನನ್ನ ಧಾರೆಯ ಹಸಿರು ಸೀರೆ ಕೂಡ ಕೊನೆಗೆ ಆ ನಳಿಗೆಯಲ್ಲಿ ಹೋಗಿ ಭತ್ತದ ಮೇಲೆ ಚೂರುಚೂರಾಗಿ ಬಿತ್ತು, ಬೆಳಿಗ್ಗೆ ಕಳೆ ಕೀಳುವಾಗ ಜರಿಯ ಎಳೆ ಸಿಕ್ಕಿತು, ತೋರಿಸಿದೆ, ಅವರು ನೋಡಿ, ಹಂದಿಗೆ ಮದುವೆ ಊಟ ಹಾಕಿಸಿದಂಗಾತು ಅಂದರು. ಓಡಿದರೆ ಸಾಕು ಕಣೇ, ಅವಕ್ಕೂ ಮರಿ ಇರ್ತಾವೆ. ಮಹಾನವಮಿಯ ದಿನ ಕೋವಿಗೆ ವಿಭೂತಿ ಬಳಿದು ಪೂಜೆ ಆದ ಮೇಲೆ ಕೇರಿಯ ಹುಡುಗರೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲುವುದು, ಅಂಗಿಯ ಗುಂಡಿ ಬಿಚ್ಚಿ, ಎದೆ ಮುಂದೆ ಮಾಡಿ, ಅವರು ನಳಿಗೆಯನ್ನು ಹುಡುಗರ ತಲೆಗಿಂತ ಎಷ್ಟೋ ಮೇಲೆ ಹಿಡಿದು ಹಾರಿಸುವುದು, ಯಾರು ಕಣ್ಣು ಮಿಟುಕಿಸಲಿಲ್ಲವೋ ಅವನಿಗೆ ಅರ್ಧ ತೆಂಗಿನಕಾಯಿ, ನಮ್ಮ ಮಹಾಂತೇಶ ಪ್ರತಿ ವರ್ಷ ಮಿಟುಕಿಸಿದ, ಬಂದೂಕಿನ ಮನೆಯ ಹುಡುಗ ನಾಚಿಕೆಯಿಂದ ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡ, ಗೆದ್ದವನು ಯಾವಾಗಲೂ ಮಾಲತೇಶ, ಲೋಕಮ್ಮನ ಮಗ, ಎವೆಯಿಕ್ಕದೆ ನಗುತ್ತ ನಿಲ್ಲುವನು, ಕಾಯಿ ತಗೊಂಡು ಅರ್ಧ ಒಡೆದು ಮಹಾಂತೇಶನಿಗೇ ಕೊಡುವನು, ಇಬ್ಬರೂ ಕಟ್ಟೆಯ ಮೇಲೆ ಕೂತು ತಿನ್ನುವರು — ಯಾವ ಹುಡುಗರು ಅವರು, ಎಲ್ಲಿ ಹೋದರು, ಇದೇ ಇಬ್ಬರಾ ಈಗ ಅಂಜನಾಪುರದ ನಾಲೆಯ ಮೇಲೆ ಒಬ್ಬರ ಹೆಂಡಿರನ್ನೊಬ್ಬರು ಬೈದುಕೊಳ್ಳುವವರು.

ನೀರು, ಇನ್ನೇನು, ತೂಬಿನ ಬಾಯಿಗೆ ಅವನು ಕಲ್ಲಿಟ್ಟ, ಇವನು ತೆಗೆದ, ಅವನು ಇಟ್ಟ, ಸಣ್ಣ ಕಲ್ಲು, ನಾನೇ ಒಂದು ಕೈಲಿ ಎತ್ತಿಯೇನು, ನಮ್ಮವರ ಹನ್ನೊಂದನೆಯ ದಿನದ ಕಾರ್ಯ ಕೂಡ ಆಗಿರಲಿಲ್ಲ, ಮಹಾಂತೇಶ ನಾಲೆಯಿಂದ ಬಂದವನು ಕೈಕಾಲು ತೊಳೆಯಲಿಲ್ಲ, ಬಂದೂಕು ಮನ್ಯಾಗ ಇದ್ದಿದ್ರೆ ತೋರಿಸ್ತಿದ್ದೆ ಅಂದ, ಸೊಸೆ ಸುನಿತಾ ಅಳುತ್ತ ಒಲೆಯ ಮುಂದೆ ಕೂತಳು, ನಾನು ನಾಲೆಗೆ ಹೋದೆ, ಈ ಕಾಲು ಎಳೆದುಕೊಂಡು, ಏನಪ್ಪಾ ಮಾಲತೇಶ, ಯಾಕೆ ಹಿಂಗೆ ಮಾಡ್ಕೋತೀರಿ ಅಂದರೆ ಅವನು ಅಂಗಿಯ ಗುಂಡಿ ಬಿಚ್ಚಿದ, ದೊಡ್ಡವ್ವಾ, ನಿನ್ನ ಮಗ ಬಂದೂಕು ತರ್ತೀನಿ ಅಂದ, ತರಲಿ, ಇಲ್ಲೇ ನಿಂತಿರ್ತೀನಿ, ನಿಮ್ಮನಿ ಬಂದೂಕಿಗೆ ನಾನು ಯಾವತ್ತು ಕಣ್ಣು ಮಿಟುಕಿಸೀನಿ ಹೇಳು, ಎದೆ ತಟ್ಟಿ ನಕ್ಕ, ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದೇ, ಅದೇ ನನಗೆ ನಿದ್ದೆ ತೆಗೆದದ್ದು. ಮಾರನೆಯ ವಾರ ಕೊಟ್ಟಿಗೆಯ ಮಾಡಿನ ಸಂದಿಯಲ್ಲಿ ಬಾಟಲಿ ಸಿಕ್ಕಿತು, ಕಾಳುಮೆಣಸು ಅಂದುಕೊಂಡೆ, ಇಲ್ಲಿ ಯಾಕಪ್ಪ ಮೆಣಸು ಅಂತ ಅಂಗೈಗೆ ಸುರಿದುಕೊಂಡರೆ ಭಾರ, ಕೈ ಕೆಳಗೆ ಹೋಯಿತು, ತಣ್ಣಗೆ, ಒಂದಕ್ಕೊಂದು ತಾಗಿ ಸಣ್ಣ ಸದ್ದು, ಸೀಸದ ಗುಂಡು, ಚರೆ, ನಮ್ಮ ಮನೆಯ ಮಾಡಿನಲ್ಲಿ ಚರೆ. ಹಂದಿಗೆ ಅವ್ವಾ, ಇನ್ಯಾರಿಗೆ, ಅಪ್ಪನ ಸದ್ದು ಅವಕ್ಕೆ ಬಾಯಿಪಾಠ ಆಗೇತಿ, ಢಂ ಅಂದ್ರೆ ತಲೆ ಎತ್ತಿ ನೋಡಿ ಮತ್ತೆ ಮೇಯ್ತವೆ, ಅಪ್ಪನಿಗೆ ಲಿಂಗ ಇತ್ತು, ನನಗೆ ಎರಡು ಮಕ್ಕಳದಾವೆ ಅಂದ, ಸುಳ್ಳಲ್ಲ, ಹೋದ ಸುಗ್ಗಿಯಲ್ಲಿ ಅರ್ಧ ಗದ್ದೆ ಹಂದಿಯದೇ ಆಯಿತು, ಕಾವಲಿನ ಅಟ್ಟದ ಮೇಲೆ ಚಳಿಯಲ್ಲಿ ಮಗ ತಗಡು ಬಡಿದು ಬಡಿದು ಅಂಗೈಗೆ ಬೊಕ್ಕೆ ಎಬ್ಬಿಸಿಕೊಂಡ, ಬೆಣ್ಣೆ ಹಚ್ಚಿದ್ದು ನಾನೇ, ಹೆತ್ತವಳಿಗೆ ಮಗನ ಮಾತಿನಲ್ಲಿ ನಂಬಿಕೆ ಬೇಡವೇ, ನಂಬಿದೆ, ಹಂದಿಗೇ ತಂದಿದ್ದಾನೆ, ಆದರೆ ಹಂದಿಗೆಂದು ತುಂಬಿಟ್ಟ ಕೋವಿ ಬಾಗಿಲ ಹಿಂದೆ ಇರುತ್ತದಲ್ಲ, ಒಂದು ಮಧ್ಯಾಹ್ನ ನಾಲೆಯ ಕಡೆಯಿಂದ ಬೈಗುಳ ಕೇಳಿಸುತ್ತದಲ್ಲ, ಹೆದರಿಸೋಣ ಅಂತಲೇ ಎತ್ತುತ್ತಾನೆ, ಬರೀ ಹೆದರಿಸೋಣ ಅಂತ, ಮಾಲತೇಶ ಓಡಬೇಕಲ್ಲ — ಕೊಡಲಿ ಎತ್ತಿದರೆ ಯಾರಾದರೂ ಓಡುತ್ತಾರೆ, ನಮ್ಮ ಕೋವಿ ಎತ್ತಿದರೆ ಮಾತ್ರ ಎದೆ ಕೊಟ್ಟು ನಿಲ್ಲುತ್ತಾನೆ. ಲೋಕಮ್ಮನಿಗೆ ಹೇಳಿನೋಡಿದೆ, ಹುಷಾರು ಕಣೇ, ಮಗನಿಗೆ ಹೇಳು ನಮ್ಮ ಕೋವಿ ಇನ್ನು ಮೊದಲಿನ ಹಾಗಲ್ಲ ಅಂತ, ಅವಳು ಎಲೆಯಡಿಕೆ ತುಂಬಿದ ಬಾಯಲ್ಲಿ ನಕ್ಕಳು, ಸುಮ್ನಿರು ಜಗದಾಂಬಕ್ಕ, ನಿಮ್ಮನಿ ಬಂದೂಕು ಯಾರಿಗೇನು ಮಾಡೀತು, ಅದಕ್ಕೂ ನಿನ್ನಂಗೆ ವಯಸ್ಸಾತು.

ಸೊರಬಕ್ಕೂ ಹೋಗಿ ಬಂದೆ, ತಮ್ಮ ಚಂದ್ರಶೇಖರ ಅಲ್ಲಿ ಮನೆ ಮಾಡಿದ್ದಾನಲ್ಲ, ಅಪ್ಪನ ಕೋವಿಯನ್ನು ಅವನು ಅಪ್ಪಣೆ ತಂದು ಆಚಾರಿಯ ಕೈಲಿ ಸೀಸ ಹೊಯ್ಸಿ ಮುಚ್ಚಿಸಿದ್ದಾನೆ, ಪಡಸಾಲೆಯ ಗೋಡೆಯಲ್ಲಿದೆ, ನಳಿಗೆಗೆ ಕಣ್ಣಿಟ್ಟು ನೋಡಿದೆ, ಕತ್ತಲೆಯೂ ಇಲ್ಲ, ಬರೀ ಬೂದು, ಮುಚ್ಚಿಸ್ಬಿಡೇ ಅಕ್ಕ, ಇದ್ದಂಗೂ ಆತು, ಇಲ್ದಂಗೂ ಆತು ಅಂದ, ಅವನ ಹೆಂಡತಿ ಒಳಗಿನಿಂದ, ಹೌದೌದು, ಧೂಳು ಒರಸೋಳು ಮಾತ್ರ ನಾನು ಅಂದಳು. ಮುಚ್ಚಿಸುವುದು ಸುಲಭ, ಸೀಸ ಕಾಯಿಸಿ ಹೊಯ್ಯುವುದು, ಆದರೆ ಅದನ್ನು ಬಾಯಿಬಿಟ್ಟು ಹೇಳಬೇಕಲ್ಲ, ಮಗನ ಎದುರು, ಬೆಳೆ ಕಾಯುವ ಗಂಡಸಿನ ಕೈಯಿಂದ ಕೋವಿ ಕಿತ್ತುಕೊಂಡೆ ಅಂತ ಊರೆಲ್ಲ ಆಡಿಕೊಳ್ಳುತ್ತದೆ, ಅವನು ಒಂದು ಹೊತ್ತು ಉಣ್ಣುವುದಿಲ್ಲ, ಆಮೇಲೆ ಉಣ್ಣುತ್ತಾನೆ, ಮಾತಾಡುವುದಿಲ್ಲ, ಉಳಿದಿರುವ ನನ್ನ ದಿನಗಳೆಲ್ಲ ಆ ಮೌನದ ಪಕ್ಕದಲ್ಲಿ ತಟ್ಟೆ ಇಟ್ಟುಕೊಂಡು ಕೂರಬೇಕು, ಸುಸ್ತಾಗಿದೆ ನನಗೆ, ನನ್ನನ್ನೇ ಯಾಕೆ ಕೇಳುತ್ತಾರೆ, ರುಜು ಕಲಿಯದೆ ಇದ್ದಿದ್ದರೆ ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸುತ್ತಿದ್ದರು, ಏನೆಂದು ಕೇಳುತ್ತಿರಲಿಲ್ಲ, ಈಗ ಓದಿ ನೋಡಿ ಹಾಕ್ರಮ್ಮ ಅನ್ನುತ್ತಾರೆ, ಕಾಗದ ದೂರ ಹಿಡಿದು ಓದಿದೆ, ತ-ಕ-ರಾ-ರಿ-ರು-ವು-ದಿ-ಲ್ಲ, ಅದರ ಕೆಳಗೆ ನನಗೆಂದು ಜಾಗ ಬಿಟ್ಟಿದ್ದಾರೆ, ಎಷ್ಟು ಬೆಳ್ಳಗಿದೆ. ಬೂಟಿನ ಸದ್ದು, ರೈಟರು ಬಂದ, ಬಾಯಿ ಒರಸಿಕೊಳ್ಳುತ್ತ, ಹಿಂದೆಯೇ ಮಹಾಂತೇಶನೂ ಬಂದ, ಎದುರಿನ ಚಾದಂಗಡಿಯಿಂದ, ನನಗೆಂದು ಲೋಟದಲ್ಲಿ ಚಾ ಹಿಡಿದುಕೊಂಡು, ಬಿಸಿ ಐತೆ ಅವ್ವಾ, ಸೆರಗಿನಲ್ಲಿ ಹಿಡ್ಕೋ, ಹಿಡಿದೆ, ಎಲ್ಲಿ ರುಜು ಹಾಕೋದು ತೋರಿಸ್ರೀ ಅವ್ವಗೆ ಅಂದ ರೈಟರಿಗೆ, ಎಷ್ಟು ಹಗುರಾಗಿ ಅಂದ, ಅಪ್ಪನ ದನಿಯೇ. ಹೇಳಿ ಅಮ್ಮಾ, ಏನು ಬರ್ಕೊಳ್ಲಿ. ಚಾ ಕುಡಿಯದೆ ಲೋಟ ಬೆಂಚಿನ ಮೇಲೆ ಇಟ್ಟೆ, ಮುಚ್ಚಿಸ್ತೀವಿ ಅಂತ ಬರ್ಕೊಳ್ರೀ ಅಂದೆ, ದನಿ ನನ್ನದೇ ಅನ್ನಿಸಲಿಲ್ಲ, ಇನ್ನೊಂದು ಸಲ ಅಂದೆ. ರೈಟರು ಮಗನ ಮುಖ ನೋಡಿದ. ಮಗ ನನ್ನ ಮುಖ ನೋಡಿದ, ಕೂಗಲಿಲ್ಲ, ಕೂಗಿದ್ದರೆ ಚೆನ್ನಾಗಿತ್ತು, ಹಂಗಾದ್ರೆ ನಾನು ಮನುಷ್ಯಾರನ್ನ ಹೊಡಿಯೋನು ಅಂತ ಪೊಲೀಸರ ಮುಂದೆ ಹೇಳಿದಂಗಾತು, ಅಲ್ಲೇನವ್ವಾ, ಅಂದ, ಮೆಲ್ಲಗೆ, ನನ್ನ ಮೇಲೆ ಅಷ್ಟೂ ನಂಬಿಕಿಲ್ಲ ನಿಂಗೆ, ಇದೆ ಕಣಪ್ಪ, ನಿನ್ನ ಮೇಲೆ ಇದೆ, ಇಲ್ಲದಿರುವುದು ನಿನ್ನ ಮೇಲಲ್ಲ, ಆ ಕೋವಿ ಯಾರಿಗೂ ಏನೂ ಮಾಡದು ಅಂತ ಊರಿಗಿರುವ ನಂಬಿಕೆಯ ಮೇಲೆ, ಇದನ್ನು ಹೇಗೆ ಹೇಳಲಿ, ಇಷ್ಟು ಜನರ ಮುಂದೆ, ಹೇಳಬೇಕು ಅಂತ ತಲೆ ಎತ್ತುತ್ತೇನೆ, ಮಗನ ಮುಖ ಇರಬೇಕಾದಲ್ಲಿ ಮಗ ಇಲ್ಲ, ನಾಲೆಯ ಏರಿ ಇದೆ, ಬಿಸಿಲಿದೆ, ಅವನು ನಿಂತಿದ್ದಾನೆ, ಗುಂಡಿ ಬಿಚ್ಚಿದ ಅಂಗಿ, ಎದೆಯ ಮೇಲೆ ಕೈ, ನಗುತ್ತಿದ್ದಾನೆ, ಮಿಟುಕಿಸೋ ಮಾಲತೇಶ, ಒಂದೇ ಒಂದು ಸಲ ಮಿಟುಕಿಸೋ, ಮಿಟುಕಿಸುವುದಿಲ್ಲ